ಕಲ್ಲುಬಂಗಲೆ ಕದಲಲಿಲ್ಲ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತವನಿಗೆ ಜಮೀನಿನ ಹಳೆಯ ದಸ್ತಾವೇಜುಗಳನ್ನು ಓದುವುದು ನಿತ್ಯದ ಕೆಲಸ. ಕಾಸರಗೋಡಿನ ಒಂದೇ ಅಡಿಕೆ ತೋಟ 1956ಕ್ಕಿಂತ ಹಿಂದಿನ ಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿರುತ್ತದೆ. 1957ರ ನಂತರದ ಪತ್ರದಲ್ಲಿ ಕಣ್ಣೂರಿಗೆ. 1984ರಿಂದೀಚೆಗೆ ಕಾಸರಗೋಡು ಜಿಲ್ಲೆಗೆ. ತೋಟ ಮಾತ್ರ ಇದ್ದಲ್ಲೇ ಇದೆ.

ಇಂಥದೇ ಕತೆಯ ಮನೆಯೊಂದು ನೀಲಗಿರಿಯಲ್ಲಿದೆ. ಅದು ಊಟಿಯ ಸ್ಟೋನ್‌ಹೌಸ್. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟ ಹತ್ತಿದನು. ಮೊದಲು ಕೋತಗಿರಿಯ ಬಳಿ ಬಂಗಲೆ ಕಟ್ಟಿಸಿದನು. ಆಮೇಲೆ 1822ರಲ್ಲಿ ಊಟಿಯಲ್ಲಿ ಕಲ್ಲಿನ ಮನೆಗೆ ಕೈಹಾಕಿ ಮರುವರ್ಷ ಅಲ್ಲಿ ವಾಸಕ್ಕೆ ಬಂದನು. ಊಟಿಯಲ್ಲಿ ಐರೋಪ್ಯರ ಮೊದಲ ಮನೆ ಅದೇ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ನಡುವೆ ಎದ್ದ ಆ ಮನೆಗೆ ಸ್ಥಳೀಯರ ಬಾಯಲ್ಲಿ ನಿಂತ ಹೆಸರು 'ಕಲ್‌ ಬಂಗಲ'. ನಮಗೆ ಅರ್ಥ ಹೇಳಿಕೊಡಬೇಕಾಗಿಲ್ಲ.

ಸುತ್ತಲಿನ ಹುಲ್ಲುಗಾವಲು ತೋಡರ ಎಮ್ಮೆಗಳದ್ದಾಗಿತ್ತು. ಸಲಿವನ್ ಅವರಿಂದ ಎಕರೆಗೆ ಒಂದು ರೂಪಾಯಿಯಂತೆ ನೆಲ ಕೊಂಡನೆಂಬುದು ಪ್ರಸಿದ್ಧ. ಈ ಬೆಟ್ಟದ ನೆಲಕ್ಕೆ ತೋಡರೇ ಒಡೆಯರೆಂದು ಸರಕಾರದ ಮುಂದೆ ವಾದಿಸಿದವನೂ ಅವನೇ. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

1830ರಲ್ಲಿ, ಲಷಿಂಗ್ಟನ್ ಮದರಾಸಿನ ಗವರ್ನರನಾಗಿದ್ದಾಗ, ಊಟಿ ಸೇರಿದಂತೆ ಬೆಟ್ಟದ ಹೆಚ್ಚಿನ ಭಾಗವನ್ನು ಕೊಯಮತ್ತೂರಿನಿಂದ ತೆಗೆದು ಮಲಬಾರಿಗೆ ಸೇರಿಸಿದರು. ಕೊಯಮತ್ತೂರಿನ ಕಲೆಕ್ಟರ್ ಕಟ್ಟಿಸಿದ ಮನೆ ಹೀಗೆ ಮಲಬಾರಿನ ಮನೆಯಾಯಿತು. 1843ರಲ್ಲಿ ಮರಳಿ ಕೊಯಮತ್ತೂರಿಗೆ. 1868ರಲ್ಲಿ ನೀಲಗಿರಿಗೆ ಪ್ರತ್ಯೇಕ ಕಮಿಷನರ್ ಬಂದನು, 1882ರಲ್ಲಿ ಕಲೆಕ್ಟರ್ ಬಂದನು. ನಡುವೆ 1877ರಲ್ಲಿ ಗೂಡಲೂರಿನ ಕಡೆಯ ವಯನಾಡಿನ ಭಾಗವೂ ಮಲಬಾರಿನಿಂದ ನೀಲಗಿರಿಗೆ ಬಂತು. ಗೆರೆ ಎಳೆದವರು ಅಲ್ಲಿನ ತೋಡರನ್ನಾಗಲಿ ಬಡಗರನ್ನಾಗಲಿ ಪಣಿಯರನ್ನಾಗಲಿ ಕೇಳಿದವರಲ್ಲ.

ಮದರಾಸು ಸರಕಾರ ಬೇಸಗೆಗೆ ಊಟಿ ಹತ್ತತೊಡಗಿದ ಮೇಲೆ ಕಲ್ಲುಬಂಗಲೆ ಸರಕಾರಿ ಕಚೇರಿಯಾಯಿತು. 1955ರಲ್ಲಿ ಅಲ್ಲಿ ಸರಕಾರಿ ಕಲಾ ಕಾಲೇಜು ಆರಂಭವಾಯಿತು. ಅಧಿಕಾರದ ಮನೆ ಪಾಠದ ಮನೆಯಾದದ್ದು ಒಳ್ಳೆಯದೇ.

ಒಂದು ದಿನ ನಮ್ಮ ಶಾಖೆಗೆ ವೃದ್ಧರೊಬ್ಬರು ಅಜ್ಜನ ಕಾಲದ ಕನ್ನಡ ದಸ್ತಾವೇಜನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಮೇಜಿನಿಂದ ಮೇಜಿಗೆ ಹೋದ ಆ ಕಾಗದ ಕೊನೆಗೆ ನನ್ನ ಬಳಿ ಬಂತು. ನಾನು ಗಟ್ಟಿಯಾಗಿ ಓದಿದೆ. ಮಲಯಾಳಿ ಸಹೋದ್ಯೋಗಿ ಮಲಯಾಳದಲ್ಲಿ ಬರೆದುಕೊಂಡರು. "ಇನ್ನು ನೀವು ನಿವೃತ್ತರಾದರೆ ಯಾರು ಓದುವುದು ಮಾರಾಯ್ರೆ?" ಎಂದರು ಆ ಹಿರಿಯರು. ನನ್ನಲ್ಲಿ ಉತ್ತರವಿರಲಿಲ್ಲ.

ಗೆರೆಗಳು ನಮ್ಮನ್ನು ಕೇಳಿ ಕದಲುವುದಿಲ್ಲ. ಆದರೆ ಹೆಸರನ್ನೂ ಅಕ್ಷರವನ್ನೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಓದುಗರೇ, ಮನೆಯ ಅಟ್ಟದಲ್ಲಿರುವ ಹಳೆಯ ಪತ್ರಗಳನ್ನು ಈ ರಜೆಯಲ್ಲಿ ಕೆಳಗಿಳಿಸಿ. ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿ, ಒಂದು ಪುಟವನ್ನಾದರೂ ಅವರಿಂದಲೇ ಓದಿಸಿ.