ಲಿವರಿನ ಕೊಬ್ಬು ಮತ್ತು ಬೊಜ್ಜಿನ ಹಾರ್ಮೋನುಗಳು

ಲಿವರಿನಲ್ಲಿ ಕೊಬ್ಬು ಸೇರಿದೆ ಎಂದ ಕೂಡಲೇ ಅದು ಕುಡಿತದ ಫಲವೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಆದರೆ ಮದ್ಯ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ಹೊಟ್ಟೆಯ ಬೊಜ್ಜು ಅದರ ಮುಖ್ಯ ಕಾರಣಗಳಲ್ಲಿ ಒಂದು.

ಬೊಜ್ಜು ಬರೀ ಕೊಬ್ಬಿನ ದಾಸ್ತಾನಲ್ಲ. ಅದು ರಕ್ತಕ್ಕೆ ಹಾರ್ಮೋನುಗಳನ್ನೂ ಬಿಡುತ್ತದೆ. ಇವುಗಳಲ್ಲಿ ಎರಡನ್ನು ನಾವು ತಿಳಿದಿರಬೇಕು.

ಲೆಪ್ಟಿನ್: ಇದರ ಜೀನನ್ನು 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಗುರುತಿಸಿತು. ದೇಹದಲ್ಲಿ ಕೊಬ್ಬು ಸಾಕಷ್ಟಿದೆ ಎಂದು ಮೆದುಳಿಗೆ ತಿಳಿಸಿ ಹಸಿವನ್ನು ತಗ್ಗಿಸುವುದು ಇದರ ಕೆಲಸ. ಬೊಜ್ಜು ಹೆಚ್ಚಿದಾಗ ಲೆಪ್ಟಿನ್ ಕೂಡ ಹೆಚ್ಚುತ್ತದೆ, ಆದರೆ ಮೆದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಅತಿಯಾದ ಲೆಪ್ಟಿನ್ ಲಿವರಿನ ಉರಿಯೂತಕ್ಕೂ ಲಿವರ್ ನಾರುಗಟ್ಟುವುದಕ್ಕೂ ಇಂಬು ಕೊಡುತ್ತದೆ.

ಅಡಿಪೊನೆಕ್ಟಿನ್: ಇದು ಲಿವರಿನ ರಕ್ಷಕ. ಕೊಬ್ಬು ಕರಗಲು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲು ನೆರವಾಗುತ್ತದೆ. ಬೊಜ್ಜು ಬೆಳೆದಂತೆ ಇದು ಕಡಿಮೆಯಾಗುತ್ತದೆ.

ಕಬ್ಬು ಬೆಳೆಯುವ ಮಂಡ್ಯದ ಗುತ್ತಲಿನಲ್ಲಾಗಲಿ, ನಮ್ಮ ಕರಾವಳಿಯಲ್ಲಾಗಲಿ, ಬೆಲ್ಲವನ್ನು ಎಷ್ಟು ತಿಂದರೂ ಬಾಧಕವಿಲ್ಲ ಎಂದುಕೊಳ್ಳಬಾರದು. ಸಕ್ಕರೆಯಂತೆ ಬೆಲ್ಲದಲ್ಲೂ ಬಹುಪಾಲು ಸುಕ್ರೋಸ್ ಇದೆ. ಅದರ ಅರ್ಧ ಫ್ರಕ್ಟೋಸ್. ಹೆಚ್ಚಾದ ಫ್ರಕ್ಟೋಸನ್ನು ಲಿವರ್ ಕೊಬ್ಬಾಗಿಸುತ್ತದೆ.

ಆರಂಭದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ವೈದ್ಯರನ್ನು ಕಾಣುವುದು ಒಳ್ಳೆಯದು. ಕೇಂದ್ರ ಸರ್ಕಾರ 2021ರಲ್ಲಿ ಈ ಕಾಯಿಲೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಬೊಜ್ಜಿರುವವರು ದೇಹದ ತೂಕವನ್ನು ಶೇ. 7ರಿಂದ 10ರಷ್ಟು ನಿಧಾನವಾಗಿ ಇಳಿಸಿದರೆ ಲಿವರಿನ ಕೊಬ್ಬೂ ಉರಿಯೂತವೂ ತಗ್ಗುತ್ತವೆ. ಕಾಯಿಲೆ ಬಂದವರನ್ನು ಕುಡುಕರೆಂದು ಶಂಕಿಸಿದರೆ ಅವರು ನಾಚಿಕೆಯಿಂದ ಪರೀಕ್ಷೆಗೇ ಹೋಗಲಾರರು. ಶಂಕೆ ಬಿಟ್ಟು ಅವರಿಗೆ ಜೊತೆಯಾಗೋಣ.