‘ಅನ್ನ ಬಿಟ್ಟಿದ್ದಾರೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಈ ಪುಟಕ್ಕೆ ಬರುವ ಪ್ರಕಟಣೆಗಳಲ್ಲಿ ಹಬ್ಬ, ಜಾತ್ರೆ, ಸನ್ಮಾನಗಳ ಜೊತೆಗೆ ನಿಧನ ಸುದ್ದಿಗಳೂ ಇರುತ್ತವೆ. ಬ್ರಹ್ಮಸಮುದ್ರ, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರದ ಕಡೆಯ ಕನ್ನಡ ಮನೆಗಳಲ್ಲಿ ಒಂದೇ ಸುದ್ದಿ ಮೂರು ಭಾಷೆಗಳಲ್ಲಿ ಹೋಗಬೇಕು. ಚಳ್ಳಕೆರೆ, ಪಾವಗಡದ ನೆಂಟರಿಗೆ ಕನ್ನಡ, ಪಕ್ಕದ ಬೀದಿಯವರಿಗೆ ತೆಲುಗು, ಹೊರದೇಶದಲ್ಲಿ ಬೆಳೆದ ಮೊಮ್ಮಕ್ಕಳಿಗೆ ಇಂಗ್ಲಿಷ್. ತೊಡಕು ಬರುವುದು ಹೆಚ್ಚಾಗಿ ಆ ಮೂರನೆಯದರಲ್ಲಿ. ಅದೂ ಸಾವಿನ ಸುದ್ದಿಯಲ್ಲಿ ಅಲ್ಲ, ಅದಕ್ಕೂ ಮುಂಚಿನ ಮಾತುಗಳಲ್ಲಿ.

‘ಅಜ್ಜಿ ಅನ್ನ ಬಿಟ್ಟಿದ್ದಾರೆ’ ಎಂದರೆ ನಮ್ಮವರಿಗೆ ಕೂಡಲೇ ತಿಳಿಯುತ್ತದೆ: ಉಳಿದಿರುವುದು ಕೆಲವೇ ದಿನ. ಇದನ್ನು ಪದಕ್ಕೆ ಪದ ಇಂಗ್ಲಿಷಿಗೆ ಹಾಕಿದರೆ ಮೊಮ್ಮಗ ‘ಡಾಕ್ಟರಿಗೆ ತೋರಿಸಿದಿರಾ?’ ಎಂದು ಕೇಳುತ್ತಾನೆ, ಟಿಕೆಟ್ ತೆಗೆಸುವುದಿಲ್ಲ. ಇನ್ನು ಕೆಲವರು ಇದನ್ನು ವ್ರತವೆಂದು ತಿಳಿದಾರು. ಶ್ರವಣಬೆಳಗೊಳದ ಶಾಸನಗಳಲ್ಲಿ ಬರುವ ಸಲ್ಲೇಖನ ಬೇರೆ. ಅದು ತಿಳಿದು ಕೈಗೊಳ್ಳುವ ವ್ರತ. ಇಲ್ಲಿ ಅನ್ನ ತಾನಾಗಿಯೇ ಬಿಟ್ಟು ಹೋಗಿದೆ. ‘ಹಾಸಿಗೆ ಹಿಡಿದಿದ್ದಾರೆ’ ಎಂದರೆ ತಿಂಗಳುಗಳೂ ಆಗಬಹುದು. ‘ಮಾತು ನಿಂತಿದೆ’ ಎಂದರೆ ಇನ್ನೂ ಹತ್ತಿರ. ‘ಗುಟುಕು ಜೀವ ಹಿಡಿದುಕೊಂಡಿದೆ’ ಎಂದರೆ ಗಂಟೆಗಳ ಲೆಕ್ಕ. ಎಲ್ಲಕ್ಕಿಂತ ಮೋಸದ ಮಾತು ‘ಒಂದು ಸಲ ಬಂದು ಮುಖ ನೋಡಿಕೊಂಡು ಹೋಗಿ’ ಎನ್ನುವುದು. ಕೇಳುವುದಕ್ಕೆ ಬಿಡುವಿದ್ದಾಗ ಬನ್ನಿ ಎಂಬಂತಿದೆ, ಅರ್ಥ ಮಾತ್ರ ಈಗಲೇ ಹೊರಡಿ ಎಂದು. ಇಂಥ ಮಾತುಗಳನ್ನು ಇಂಗ್ಲಿಷಿಗೆ ತರುವಾಗ ಉಪಮೆಯನ್ನು ಬಿಟ್ಟು ಕಾಲವನ್ನು ಬರೆಯಬೇಕು ಎಂಬುದು ನಮ್ಮ ಅಭಿಪ್ರಾಯ. ‘ಕೆಲವೇ ದಿನ ಉಳಿದಿದೆ, ಈ ವಾರವೇ ಬನ್ನಿ’ ಎಂದು ನೇರವಾಗಿ. ಮನೆಯ ಹಿರಿಯರಿಗೆ ಇದು ಒರಟೆನಿಸಬಹುದು. ಆದರೂ ಕೊನೆಯ ಮುಖ ನೋಡಲಾಗಲಿಲ್ಲ ಎಂಬ ಕೊರಗು ಅದಕ್ಕಿಂತ ದೊಡ್ಡದು.

ತೀರಿಹೋದ ಮೇಲಿನ ಮಾತುಗಳಲ್ಲಿ ಅವಸರವಿಲ್ಲ. ಅಲ್ಲಿ ಉಪಮೆಯನ್ನು ಉಳಿಸಿಕೊಳ್ಳಬಹುದು. ಆದರೆ ಇಂಗ್ಲಿಷಿನ ಉಪಮೆ ಬೇರೆ ದಾರಿಯದು. ಅಲ್ಲಿ ಜೀವ ಬಣ್ಣಗೆಟ್ಟು ಮಾಸುತ್ತದೆ, ‘ಫೇಡ್’ ಆಗುತ್ತದೆ; ಎಲೆ ಬಾಡುತ್ತದೆ. ನಮ್ಮಲ್ಲಿ ಎಲೆ ಹಣ್ಣಾಗುತ್ತದೆ! ಮನುಷ್ಯರೂ ಹಾಗೆಯೇ, ‘ಹಣ್ಣು ಹಣ್ಣು ಮುದುಕಿ’ ಎನ್ನುತ್ತೇವೆ. ತೆಲುಗಿನವರ ‘ಪಂಡುಟಾಕು’ ಕೂಡ ಹಣ್ಣೆಲೆಯೇ. ಹಣ್ಣಾದದ್ದು ಉದುರುವುದರಲ್ಲಿ ದುಃಖವಿದೆ, ಅನ್ಯಾಯವಿಲ್ಲ. ಇದನ್ನು ‘ವಿದರ್ಡ್’ ಎಂದು ಬರೆದರೆ ಆ ಸಮಾಧಾನವೇ ಹೋಗಿಬಿಡುತ್ತದೆ.

ದೀಪದ ಉಪಮೆ ಎಲ್ಲ ಕಡೆಯೂ ಇದೆ. ದೂರದ ಬಲ್ಗೇರಿಯನ್ ಭಾಷೆಯಲ್ಲೂ ದೀಪ ಆರುವುದಕ್ಕೂ ಮನುಷ್ಯ ದಿನೇ ದಿನೇ ಕ್ಷೀಣಿಸುವುದಕ್ಕೂ ‘ಗಾಸ್ನೆ’ ಎಂಬ ಒಂದೇ ಕ್ರಿಯಾಪದ. ನಮ್ಮ ಮನೆಗಳಲ್ಲಾದರೋ ನಿಜವಾದ ದೀಪಕ್ಕೇ ‘ಆರಿಸು’ ಎನ್ನುವುದಿಲ್ಲ, ‘ದೀಪ ಶಾಂತ ಮಾಡು’, ‘ದೊಡ್ಡದು ಮಾಡು’ ಎನ್ನುತ್ತಾರೆ. ತೆಲುಗಿನಲ್ಲಿ ‘ದೀಪಂ ಕೊಂಡೆಕ್ಕಿಂದಿ’, ದೀಪ ಬೆಟ್ಟ ಹತ್ತಿತು! ಆದ್ದರಿಂದ ತುಂಬು ಬಾಳು ಬಾಳಿದವರ ಪ್ರಕಟಣೆಯಲ್ಲಿ ದೀಪ ಆರಿದ ಮಾತನ್ನು ನಾವು ಇಂಗ್ಲಿಷಿನಲ್ಲೂ ಹಾಕುವುದಿಲ್ಲ. ‘ನಂದಿಹೋಯಿತು’ ಎಂಬುದು ಎಳೆಯ ಜೀವಗಳಿಗೆ ಬರುವ ಮಾತು.

ಸಾಲದ ಲೆಕ್ಕವೂ ಹೀಗೆಯೇ. ‘ತೀರಿಕೊಂಡರು’ ಎನ್ನುವುದರಲ್ಲಿರುವ ತೀರು, ಸಾಲ ತೀರುವುದರ ತೀರು. ‘ಅನ್ನದ ಋಣ ತೀರಿತು’ ಎಂಬುದನ್ನು ನೇರ ಅನುವಾದಿಸಿದರೆ ಸತ್ತವರು ಯಾರಿಗೋ ಬಾಕಿ ಇಟ್ಟಿದ್ದರು ಎಂದಾಗುತ್ತದೆ. ಇದರ ತೆಲುಗು ಜೋಡಿ ‘ನೂಕಲು ಚೆಲ್ಲಾಯಿ’. ಕನ್ನಡದ ಕಿವಿಗೆ ನುಚ್ಚು ಚೆಲ್ಲಿಹೋಯಿತು ಎಂದು ಕೇಳಿಸುತ್ತದೆ. ಅಲ್ಲಿನ ‘ಚೆಲ್ಲು’ ನಮ್ಮ ‘ಸಲ್ಲು’ವಿನ ಬಂಧು, ಅವರ ಪಾಲಿನ ನುಚ್ಚು ಸಂದಾಯವಾಯಿತು ಎಂಬುದು ಅರ್ಥ. ಗಡಿಯವರು ಎಡವುವ ಇನ್ನೊಂದು ಮಾತು ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’. ತೆಲುಗಿನಲ್ಲೂ ಇದೇ ಗಾದೆ ಇದೆ, ಆದರೆ ಅಲ್ಲಿ ಕಾಡು ಎಂದರೆ ಮಸಣ, ನಮ್ಮ ಸುಡುಗಾಡಿನಲ್ಲಿ ಉಳಿದಿರುವ ಕಾಡು. ‘ಫಾರೆಸ್ಟ್’ ಎಂದು ಬರೆದರೆ ಅಜ್ಜ ವಾನಪ್ರಸ್ಥಕ್ಕೆ ಹೊರಟಂತೆ! ಅಂದಹಾಗೆ ಕೊನೆಯ ಉಸಿರನ್ನು ಕನ್ನಡಿಗರು ‘ಎಳೆಯುತ್ತಾರೆ’, ತೆಲುಗರು ‘ವಿಡಿಚಾರು’ ಎಂದು ಬಿಡುತ್ತಾರೆ.

ಪದಕ್ಕೆ ಪದ ಅನುವಾದ ಎಂದೂ ನಿಲ್ಲುವುದಿಲ್ಲ ಎಂದೇನಲ್ಲ. ಇಂಗ್ಲಿಷಿನ ‘ಬಕೆಟ್ ಒದೆಯುವ’ ಮಾತು ತೆಲುಗಿನಲ್ಲಿ ‘ಬಾಲ್ಚಿ ತನ್ನೇಶಾಡು’ ಎಂದು ಬೇರೂರಿದೆ. ತಮಾಷೆಗೆ ಮಾತ್ರ, ಪ್ರಕಟಣೆಗೆ ಸಲ್ಲದು.

ಇನ್ನು ಮತಸಂಪ್ರದಾಯದ ಮಾತುಗಳು. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅದೇ ವರ್ಷದ ಡಿಸೆಂಬರ್ 29ರಂದು ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿಯವರು ಹರಿಪಾದ ಸೇರಿದರು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಪಾಸ್ಡ್ ಅವೇ’ ಸಾಕಾಗುತ್ತದೆ. ಕನ್ನಡದ ಆ ಒಂದು ಪದ ಮಾತ್ರ ಸಮಾಧಿಯೋ ಬೃಂದಾವನವೋ, ಶಿವಗಣಾರಾಧನೆಯೋ ವೈಕುಂಠ ಸಮಾರಾಧನೆಯೋ ಎಂಬುದನ್ನೂ ಹೇಳಿಬಿಟ್ಟಿರುತ್ತದೆ. ಹೀಗಾಗಿ ಇವನ್ನು ನಾವು ಅನುವಾದಿಸದೆ ಹಾಗೆಯೇ ಇಟ್ಟು, ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡುತ್ತೇವೆ.

ಕೊನೆಗೊಂದು ಕೋರಿಕೆ. ‘ಎಕ್ಸ್‌ಪೈರ್ಡ್’ ಎಂದು ಬರೆದು ಕಳಿಸಬೇಡಿ. ನಮ್ಮ ಕಚೇರಿ, ಆಸ್ಪತ್ರೆಗಳಲ್ಲಿ ಅದು ಗೌರವದ ಮಾತೇ ಇರಬಹುದು, ಹೊರದೇಶದ ಮಕ್ಕಳಿಗೆ ಮಾತ್ರ ಔಷಧಿ ಚೀಟಿಯ ಮೇಲಿನ ದಿನಾಂಕ ನೆನಪಾಗುತ್ತದೆ. ನಿಮ್ಮ ಮನೆಯಲ್ಲಿ ಹೇಗೆ ಹೇಳಿದರೋ ಹಾಗೆಯೇ ಕನ್ನಡದಲ್ಲಿ ಬರೆದು ಕಳಿಸಿ. ಜೊತೆಗೆ ಉತ್ತರಕ್ರಿಯೆಯ ದಿನ, ಸ್ಥಳ ಇರಲಿ. ಇಂಗ್ಲಿಷ್ ಮಾಡಿಕೊಡುವುದು ನಮ್ಮ ಕೆಲಸ.