ವಾಲ್ಶ್ ಕೋಡ್‌ಗಳು

ಸಿಡಿಎಂಎ ಮೊಬೈಲ್ ಜಾಲದಲ್ಲಿ ಒಂದೇ ಆವರ್ತನ ಪಟ್ಟಿಯ ಮೇಲೆ ಏಕಕಾಲಕ್ಕೆ ಸಾಗುವ ಹಲವು ಕರೆಗಳನ್ನು ಬೇರ್ಪಡಿಸುವ, ಪರಸ್ಪರ ಲಂಬವಾದ +1 ಮತ್ತು −1ಗಳ ಸರಣಿಗಳು. ಅಮೆರಿಕದ ಗಣಿತಜ್ಞ ಜೋಸೆಫ್ ವಾಲ್ಶ್ 1923ರಲ್ಲಿ ಪ್ರಕಟಿಸಿದ ಫಲನಗಳಿಂದ ಇವಕ್ಕೆ ಈ ಹೆಸರು ಬಂದಿದೆ. ಹಡಮಾರ್ಡ್ ಮಾತೃಕೆಯ ಸಾಲುಗಳಾಗಿಯೂ ಇವನ್ನು ಪಡೆಯಬಹುದು.

ಎರಡು ಸರಣಿಗಳ ಅಂಕಿಗಳನ್ನು ಕ್ರಮವಾಗಿ ಗುಣಿಸಿ ಕೂಡಿದಾಗ ಸೊನ್ನೆ ಬಂದರೆ ಅವು ಪರಸ್ಪರ ಲಂಬ. ನಾಲ್ಕು ಅಂಕಿಗಳ ವಾಲ್ಶ್ ಕೋಡ್‌ಗಳು ನಾಲ್ಕು: ++++, +−+−, ++−−, +−−+. ಇವುಗಳಲ್ಲಿ ಯಾವ ಎರಡನ್ನು ಗುಣಿಸಿ ಕೂಡಿದರೂ ಸೊನ್ನೆ. ಒಂದನ್ನು ಅದರಿಂದಲೇ ಗುಣಿಸಿದರೆ ಮಾತ್ರ 4. ಟವರು ಪ್ರತಿ ಕರೆಯನ್ನೂ ಅದರ ಕೋಡಿನಿಂದ ಗುಣಿಸಿ, ಎಲ್ಲವನ್ನೂ ಬೆರೆಸಿ ಕಳಿಸುತ್ತದೆ. ಫೋನು ಬೆರೆತು ಬಂದ ಸಿಗ್ನಲನ್ನು ತನಗೆ ಕೊಟ್ಟ ಕೋಡಿನಿಂದ ಗುಣಿಸಿ ಕೂಡುತ್ತದೆ. ಉಳಿದವರ ಮಾತು ಸೊನ್ನೆಯಾಗಿ ಅಳಿದು, ತನ್ನದು ಉಳಿಯುತ್ತದೆ.

1993ರ ಐಎಸ್-95 ಎಂಬ ಸಿಡಿಎಂಎ ಮಾನಕದಲ್ಲಿ 64 ಅಂಕಿಗಳ 64 ಕೋಡ್‌ಗಳಿವೆ. ಕೋಡಿನ ಒಂದೊಂದು ಅಂಕಿಗೂ ಚಿಪ್ ಎಂದು ಹೆಸರು. ಸೆಕೆಂಡಿಗೆ 19,200 ಸಂಜ್ಞೆಗಳು ತಲಾ 64 ಚಿಪ್‌ಗಳಾಗಿ ಹರಡಿಕೊಂಡು 12,28,800 ಚಿಪ್‌ಗಳಾಗುತ್ತವೆ. 0ನೆಯ ಕೋಡ್ ಫೋನು ಟವರನ್ನು ಹುಡುಕಲು ಬಳಸುವ ಪೈಲಟ್ ಚಾನೆಲಿಗೆ, 32ನೆಯದು ಸಮಯ ತಿಳಿಸುವ ಸಿಂಕ್ ಚಾನೆಲಿಗೆ ಮೀಸಲು. ಒಳಬರುವ ಕರೆಯನ್ನು ಫೋನಿಗೆ ತಿಳಿಸುವ ಪೇಜಿಂಗಿಗೆ 1ರಿಂದ 7ರವರೆಗಿನವನ್ನು ಬಳಸಬಹುದು. ಎಲ್ಲ ಟವರುಗಳಿಗೂ ಇದೇ 64 ಕೋಡ್‌ಗಳಾದ್ದರಿಂದ, ಟವರನ್ನು ಗುರುತಿಸಲು 32,768 ಚಿಪ್‌ಗಳ ಇನ್ನೊಂದು ಸರಣಿಯನ್ನು ಬೇರೆ ಬೇರೆ ಕಾಲ ವ್ಯತ್ಯಾಸದೊಂದಿಗೆ ಮೇಲೆ ಹೊದಿಸಲಾಗುತ್ತದೆ.

ಈ ಏರ್ಪಾಡಿನ ನಿಜವಾದ ಆಧಾರ ಕಾಲದ ಹೊಂದಾಣಿಕೆ. ಮೇಲಿನ ನಾಲ್ಕು ಅಂಕಿಗಳ ಕೋಡ್‌ಗಳಲ್ಲಿ ಮೂರನೆಯದಾದ ++−− ಅನ್ನು ಒಂದೇ ಚಿಪ್‌ನಷ್ಟು ಸುತ್ತಿ ಸರಿಸಿದರೆ −++− ಆಗುತ್ತದೆ. ಅದು ನಾಲ್ಕನೆಯ ಕೋಡಿನ ಋಣರೂಪವೇ. ಲಂಬತೆ ಪೂರ್ತಿ ಹೋಯಿತು. ಐಎಸ್-95ರಲ್ಲಿ ಒಂದು ಚಿಪ್‌ನ ಅವಧಿಯಲ್ಲಿ ರೇಡಿಯೊ ಅಲೆ ಸಾಗುವ ದೂರ ಸುಮಾರು 244 ಮೀಟರ್. ಒಂದೇ ಟವರಿನಿಂದ ಹೊರಡುವ ಸಿಗ್ನಲ್‌ಗಳು ಒಟ್ಟಿಗೇ ಹೊರಡುವುದರಿಂದ ಹೊಂದಾಣಿಕೆ ಉಳಿಯುತ್ತದೆ. ಆದರೂ ಕಟ್ಟಡ, ಗುಡ್ಡಗಳಿಗೆ ತಾಗಿ ತಡವಾಗಿ ಬರುವ ಪ್ರತಿಫಲನಗಳು ಅದನ್ನು ಕೆಡಿಸುತ್ತವೆ. ಬೇರೆ ಬೇರೆ ದೂರದಲ್ಲಿರುವ ಫೋನುಗಳಿಂದ ಟವರಿಗೆ ಬರುವ ಸಿಗ್ನಲ್‌ಗಳಲ್ಲಂತೂ ಇಷ್ಟು ನಿಖರತೆ ಕಷ್ಟ. ಹಾಗಾಗಿ ಆ ದಿಕ್ಕಿನಲ್ಲಿ ಬಳಕೆದಾರರನ್ನು ಬೇರ್ಪಡಿಸುವ ಹೊಣೆಯನ್ನು ವಾಲ್ಶ್ ಕೋಡ್‌ಗಳಿಗೆ ವಹಿಸದೆ ಒಂದು ದೀರ್ಘ ಸರಣಿಗೆ ಬಿಟ್ಟದ್ದು ಸರಿಯಾದ ನಿರ್ಧಾರ.

3ಜಿಯ ಡಬ್ಲ್ಯುಸಿಡಿಎಂಎ ಇವೇ ಕೋಡ್‌ಗಳನ್ನು ಕವಲೊಡೆಯುವ ಮರದಂತೆ ಜೋಡಿಸಿತು. ವೇಗದ ಡೇಟಾಗೆ ಗಿಡ್ಡ ಕೋಡ್, ಮಾತಿಗೆ ಉದ್ದದ್ದು. ಒಂದು ಗಿಡ್ಡ ಕೋಡ್ ಬಳಕೆಗೆ ಹೋದರೆ ಅದರಿಂದ ಕವಲೊಡೆದ ಉದ್ದದ ಕೋಡ್‌ಗಳೆಲ್ಲ ನಿಷಿದ್ಧ. ಭಾರತದಲ್ಲಿ ರಿಲಯನ್ಸ್, ಟಾಟಾ ಇಂಡಿಕಾಂ ಸಿಡಿಎಂಎ ಫೋನುಗಳು ಬಳಕೆಯಿಂದ ಮರೆಯಾಗಿವೆ. 4ಜಿ ತನ್ನ ಬಳಕೆದಾರರ ಡೇಟಾವನ್ನು ವಾಲ್ಶ್ ಕೋಡ್‌ಗಳ ಬದಲು ಉಪವಾಹಕ ಆವರ್ತನಗಳಿಗೆ ಹಂಚುತ್ತದೆ. ಆದರೂ ಫೋನಿನಿಂದ ಟವರಿಗೆ ಹೋಗುವ ಅದರ ಅಪ್‌ಲಿಂಕ್ ನಿಯಂತ್ರಣ ಚಾನೆಲಿನಲ್ಲಿ ನಾಲ್ಕು ಅಂಕಿಗಳ ವಾಲ್ಶ್ ಕೋಡ್‌ಗಳು ಈಗಲೂ ಬಳಕೆಯಲ್ಲಿವೆ.